.22 ರೈಫಲ್‌ಗೆ ಅಗ್ಗದ ಸ್ಕೋಪ್: ನನ್ನ ಅನುಭವ

ನನ್ನ ಬಳಿ ಇರುವುದು ರೂಗರ್ 10/22, ಅಂದರೆ .22 (ಅಂಗುಲದ ಲೆಕ್ಕದ ಅಗಲ) ಎಂಬ ಸಣ್ಣ ತೋಟಾದ ಕೋವಿ. 1964ರಿಂದ ಇಂದಿನವರೆಗೂ ಅಮೆರಿಕದಲ್ಲಿ ತಯಾರಾಗುತ್ತಿರುವ ರೈಫಲ್ ಇದು. ಒಹಾಯೊದ ಹಳ್ಳಿಗಾಡಿನಲ್ಲಿ ಮನೆಮನೆಗೂ ಒಂದು ಇರುತ್ತದೆ ಎಂದರೆ ಹೆಚ್ಚೇನೂ ಉತ್ಪ್ರೇಕ್ಷೆಯಲ್ಲ. ಯಾರೋ ಬಳಸಿ ಬಿಟ್ಟದ್ದನ್ನು ಅಂಗಡಿಯಿಂದ ಕೊಂಡೆ. ಮರದ ಹಿಡಿಯ ಮೇಲೆ ಗೀರುಗಳಿದ್ದವು, ನಳಿಗೆಯೊಳಗೆ ಮಾತ್ರ ಕನ್ನಡಿಯ ಹೊಳಪು. ಇಂತಹ ಕೋವಿಗೆ ಅದರ ಬೆಲೆಯ ಎರಡು ಪಟ್ಟು ಕೊಟ್ಟು ಸ್ಕೋಪ್, ಅಂದರೆ ಗುರಿಯನ್ನು ಹಿಗ್ಗಿಸಿ ತೋರಿಸುವ ದುರ್ಬೀನು, ಹಾಕಿಸುವವರೂ ಇದ್ದಾರೆ. ಸ್ಪರ್ಧೆಗಳಲ್ಲಿ ಭಾಗವಹಿಸುವವರಿಗೆ ಅದು ಸರಿ. ನಾನು ಮಾತ್ರ ಅದನ್ನು ಕೋವಿಗೆ ಕೂರಿಸುವ ರಿಂಗುಗಳೂ ಸೇರಿ 150 ಡಾಲರ್ ಎಂದು ಗೆರೆ ಎಳೆದುಕೊಂಡು ಹುಡುಕಲು ಹೊರಟೆ.

ಹುಟ್ಟಿ ಬೆಳೆದದ್ದು ಕೊಡಗಿನಲ್ಲಾದ್ದರಿಂದ ಕೋವಿ ನನಗೆ ಹೊಸದಲ್ಲ. ಕೈಲ್‌ಪೊಳ್ದಿಗೆ ಆಯುಧಗಳನ್ನು ಒರೆಸಿ ಹೂವಿಟ್ಟು ಪೂಜೆ ಮಾಡಿದ ಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ನೋಡುತ್ತಲೇ ದೊಡ್ಡವನಾದವನು. ಆದರೆ ನಮ್ಮ ಮನೆಯ ಒಂಟಿ ನಳಿಗೆಯ ಕೋವಿಯಲ್ಲಿ ಗುರಿ ಹಿಡಿಯಲು ಇದ್ದದ್ದು ತುದಿಯ ಒಂದು ಹಿತ್ತಾಳೆ ಮಣಿ ಮಾತ್ರ. ಅಮೆರಿಕಕ್ಕೆ ಬಂದ ಮೇಲೂ ಬಹಳ ಕಾಲ ಈ ಹವ್ಯಾಸಕ್ಕೆ ಕೈ ಹಾಕಲಿಲ್ಲ. ಎಚ್-1ಬಿಯಂತಹ ವೀಸಾದಲ್ಲಿ ಇರುವವರು ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಇಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದ ನಂತರವೇ ಆ ಯೋಚನೆ ಮಾಡಿದೆ. ಅಷ್ಟರಲ್ಲಿ ಕಣ್ಣಿಗೆ ಕನ್ನಡಕ ಬಂದಿತ್ತು. ಹಿಂದಿನ ಸೈಟ್, ಮುಂದಿನ ಮಣಿ, ಆಚೆಯ ಗುರಿ ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವ ವಯಸ್ಸು ದಾಟಿದವರಿಗೆ ಸ್ಕೋಪ್ ಶೋಕಿಯ ವಸ್ತುವಲ್ಲ.

ಅಂಗಡಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಂಡದ್ದು ಇಷ್ಟೆ: ಕ್ಲಬ್ಬಿನಲ್ಲಿ ಕಾಗದದ ಗುರಿಗೆ 25 ಮತ್ತು 50 ಗಜ; ಸೆಪ್ಟೆಂಬರಿನಿಂದ ಅಳಿಲು ಬೇಟೆಯ ಋತು ತೆರೆದಾಗ ಹಿಕರಿ ಮರಗಳ ಕೆಳಗೆ 15ರಿಂದ 40 ಗಜ; 100 ಗಜ ಎಂದಾದರೊಮ್ಮೆ, ಮೋಜಿಗೆ. ನನ್ನ ಮುಂದಿನ ಎಲ್ಲ ತೀರ್ಮಾನಗಳೂ ಈ ಚೀಟಿಯಿಂದಲೇ ಹುಟ್ಟಿದವು. ಗಾಜಿನ ಕಪಾಟಿನ ಹಿಂದೆ ನಿಂತ ಯುವಕ ಮೊದಲು ನನ್ನ ಮುಂದಿಟ್ಟದ್ದು 6-24x50ರ (6ರಿಂದ 24 ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 50 ಮಿಲಿಮೀಟರ್ ಅಗಲದ) ಒಂದು ಭಾರಿ ಸ್ಕೋಪನ್ನು. ಬೆಲೆ ನನ್ನ ಮಿತಿಯೊಳಗೇ ಇತ್ತು. 24 ಪಟ್ಟು ಹಿಗ್ಗಿಸುವ ಗಾಜು ಅಷ್ಟು ಕಡಿಮೆ ಹಣಕ್ಕೆ ಸಿಗುತ್ತದೆ ಎಂದರೆ ಎಲ್ಲೋ ಏನೋ ಉಳಿಸಿದ್ದಾರೆ ಎಂದೇ ಅರ್ಥ. ಉಳಿಸುವುದು ಸಾಮಾನ್ಯವಾಗಿ ಮಸೂರದಲ್ಲಿ ಮತ್ತು ಅದರ ಲೇಪನದಲ್ಲಿ.

ಎಷ್ಟು ಪಟ್ಟು ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು ಪ್ಯಾರಲಾಕ್ಸ್ ಎಷ್ಟು ದೂರಕ್ಕೆ ಹೊಂದಿಸಿದೆ ಎಂದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅಗ್ಗದ ಸ್ಕೋಪ್ ಕೊಳ್ಳುವವರು ಹಣ ಕಳೆದುಕೊಳ್ಳುವುದು ಬಹುಪಾಲು ಇಲ್ಲಿಯೇ.

ಸ್ಕೋಪಿನೊಳಗೆ ಗುರಿಯ ಬಿಂಬ ಒಂದು ಸಮತಲದಲ್ಲಿ ಮೂಡುತ್ತದೆ; ಅಡ್ಡಗೆರೆಗಳು ಇರುವುದು ಇನ್ನೊಂದು ಸಮತಲದಲ್ಲಿ. ಎರಡೂ ಒಂದರ ಮೇಲೊಂದು ಸರಿಯಾಗಿ ಕೂರುವುದು ಒಂದೇ ಒಂದು ದೂರದಲ್ಲಿ. ಆ ದೂರವನ್ನು ಕಾರ್ಖಾನೆಯಲ್ಲಿಯೇ ನಿಗದಿ ಮಾಡಿರುತ್ತಾರೆ. ಜಿಂಕೆ ಬೇಟೆಯ ದೊಡ್ಡ ರೈಫಲ್‌ಗಳಿಗಾಗಿ ಮಾಡಿದ ಸಾಮಾನ್ಯ ಸ್ಕೋಪುಗಳಲ್ಲಿ ಅದು 100 ಗಜ, ಕೆಲವದರಲ್ಲಿ 150. .22ರಂತಹ ಸಣ್ಣ ತೋಟಾದ ಕೋವಿಗಳಿಗೆಂದು ‘ರಿಮ್‌ಫೈರ್’ ಹೆಸರಿಟ್ಟು ಮಾರುವವುಗಳಲ್ಲಿ ಹೆಚ್ಚಾಗಿ 50 ಗಜ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಗೆಯ ಕಪ್ಪು ಕೊಳವೆಗಳು.

ನಿಗದಿಯಾದ ದೂರದಲ್ಲಿ ಅಲ್ಲದೆ ಬೇರೆ ದೂರದಲ್ಲಿ ಗುರಿ ಇದ್ದಾಗ ಕಣ್ಣು ಸ್ಕೋಪಿನ ನಡುವಿನಿಂದ ಸ್ವಲ್ಪ ಆಚೀಚೆ ಸರಿದರೂ ಅಡ್ಡಗೆರೆ ಗುರಿಯ ಮೇಲೆ ಜಾರುತ್ತದೆ. ಕೋವಿ ಅಲುಗಿಲ್ಲ, ಆದರೂ ಗುರಿ ತಪ್ಪಿರುತ್ತದೆ. ಗರಿಷ್ಠ ಎಷ್ಟು ತಪ್ಪಬಹುದು ಎಂಬ ಲೆಕ್ಕ ಸರಳ: ಮುಂದಿನ ಮಸೂರದ ಅಗಲದ ಅರ್ಧವನ್ನು, ಗುರಿಯ ದೂರಕ್ಕೂ ನಿಗದಿಯ ದೂರಕ್ಕೂ ಇರುವ ವ್ಯತ್ಯಾಸದಿಂದ ಗುಣಿಸಿ ನಿಗದಿಯ ದೂರದಿಂದ ಭಾಗಿಸಬೇಕು. 40 ಮಿಲಿಮೀಟರ್ ಮಸೂರದ, 100 ಗಜದ ಸ್ಕೋಪನ್ನು 25 ಗಜದ ಗುರಿಗೆ ಹಿಡಿದರೆ 15 ಮಿಲಿಮೀಟರ್. 50 ಗಜಕ್ಕೆ ಹಿಡಿದರೆ 10. ಇನ್ನು 32 ಮಿಲಿಮೀಟರ್ ಮಸೂರದ, 50 ಗಜದ ಸ್ಕೋಪ್ ಆದರೆ 25 ಗಜದಲ್ಲಿ 8, 35 ಗಜದಲ್ಲಿ 5 ಮಿಲಿಮೀಟರಿಗಿಂತ ಕಡಿಮೆ. .22ರ ಗುಂಡಿನ ಅಗಲವೇ ಸುಮಾರು 5.7 ಮಿಲಿಮೀಟರ್. ಅಂದರೆ 35 ಗಜದ ಆಸುಪಾಸಿನಲ್ಲಿ ಈ ದೋಷ ಹೆಚ್ಚುಕಡಿಮೆ ಗುಂಡಿನ ತೂತಿನಲ್ಲೇ ಮುಗಿದುಹೋಗುತ್ತದೆ. ಆದರೆ 15 ಮಿಲಿಮೀಟರ್ ಎಂದರೆ ಅಳಿಲಿನ ತಲೆಗೆ ಬೀಳಬೇಕಾದ ಗುಂಡು ಕಿವಿಯ ಪಕ್ಕದಲ್ಲಿ ಹಾದುಹೋಗುವ ಅಳತೆ.

ಇದು ಗರಿಷ್ಠ ದೋಷದ ಲೆಕ್ಕ ಎಂಬುದನ್ನೂ ಹೇಳಬೇಕು. ಪ್ರತಿ ಸಲವೂ ಕೆನ್ನೆಯನ್ನು ಹಿಡಿಯ ಮೇಲೆ ಒಂದೇ ಜಾಗದಲ್ಲಿ ಒತ್ತಿ, ಕಣ್ಣನ್ನು ನಟ್ಟನಡುವೆ ಇರಿಸುವವನಿಗೆ ಪ್ಯಾರಲಾಕ್ಸ್ ಕಾಡುವುದಿಲ್ಲ. ಮರಳಿನ ಚೀಲದ ಮೇಲೆ ಕೋವಿ ಇಟ್ಟು ಕುಳಿತಾಗ ಅದು ಸಾಧ್ಯ. ಮರಕ್ಕೆ ಒರಗಿ, ಕತ್ತು ಮೇಲೆತ್ತಿ, ಎಲೆಗಳ ನಡುವೆ ಬಾಲ ಮಾತ್ರ ಕಾಣುತ್ತಿರುವಾಗ ಕೆನ್ನೆ ಎಲ್ಲಿದೆ ಎಂದು ಯಾರು ನೋಡುತ್ತಾರೆ?

ಪೆಟ್ಟಿಗೆಯ ಮೇಲಿನ ಮಾತನ್ನು ನಂಬದೆ ಪರೀಕ್ಷಿಸುವ ದಾರಿಯೂ ಇದೆ. ಗುಂಡು ತುಂಬದ ರೈಫಲನ್ನು ಭದ್ರವಾಗಿ ಮರಳಿನ ಚೀಲಗಳ ನಡುವೆ ಕೂರಿಸಿ, ಮುಟ್ಟದೆ, ತಲೆಯನ್ನು ಮಾತ್ರ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಆಡಿಸುತ್ತಾ ಸ್ಕೋಪಿನಲ್ಲಿ ನೋಡಬೇಕು. 50 ಗಜದ ಗುರಿಯ ಮೇಲೆ ಅಡ್ಡಗೆರೆ ನಿಂತಲ್ಲೇ ನಿಂತರೆ ಅದು ನಿಜಕ್ಕೂ 50 ಗಜದ್ದು. ಕ್ಲಬ್ಬಿನಲ್ಲಿ ನನ್ನ ಪಕ್ಕದ ಮೇಜಿನ ಹಿರಿಯರೊಬ್ಬರ ಸ್ಕೋಪಿನಲ್ಲಿ ಅದು ಕರಿವೃತ್ತದ ಈ ಅಂಚಿನಿಂದ ಆ ಅಂಚಿಗೆ ತೇಲುತ್ತಿತ್ತು. ಗುಂಡುಗಳು ಚದುರುವುದಕ್ಕೆ ಅವರು ಅಲ್ಲಿಯವರೆಗೆ ತೋಟಾಗಳನ್ನೇ ದೂರುತ್ತಿದ್ದರು.

ಮುಂದಿನ ಮಸೂರದ ಉಂಗುರವನ್ನು ತಿರುಗಿಸಿ ದೂರಕ್ಕೆ ತಕ್ಕಂತೆ ಹೊಂದಿಸಿಕೊಳ್ಳುವ ಸ್ಕೋಪುಗಳೂ ನನ್ನ ಬೆಲೆಯಲ್ಲಿ ಸಿಗುತ್ತಿದ್ದವು. ಕೆಲವು 10 ಗಜದವರೆಗೂ ಇಳಿಯುತ್ತವೆ. ಕಾಗದದ ಗುರಿಗೆ ಮಾತ್ರ ಹೊಡೆಯುವವರು ಅದನ್ನೇ ಕೊಳ್ಳಲಿ. ನನಗೆ ಬೇಡವಾಯಿತು: ತೂಕ ಹೆಚ್ಚು, ತಿರುಗಿಸಬೇಕಾದ ಭಾಗ ಇನ್ನೊಂದು, ನಾನು ಉಂಗುರ ತಿರುಗಿಸಿ ಮುಗಿಸುವವರೆಗೆ ಅಳಿಲು ಕೊಂಬೆಯ ಮೇಲೆ ಕಾಯುವುದಿಲ್ಲ.

ಇನ್ನು ಪಟ್ಟಿನ ವಿಷಯ. ಮುಂದಿನ ಮಸೂರದ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 32ನ್ನು 4ರಿಂದ ಭಾಗಿಸಿದರೆ 8 ಮಿಲಿಮೀಟರ್. 7ರಿಂದ ಭಾಗಿಸಿದರೆ 4.6. ಮಬ್ಬು ಬೆಳಕಿನಲ್ಲಿ ನನ್ನ ವಯಸ್ಸಿನವರ ಪಾಪೆ ತೆರೆದುಕೊಳ್ಳುವುದು 5 ಮಿಲಿಮೀಟರಿನ ಆಸುಪಾಸು. ಹಾಗಾಗಿ ಇಷ್ಟು ಸಾಕು. ಆ ಯುವಕ ತೋರಿಸಿದ 24x50ರಲ್ಲಿ ಇದು ಕೇವಲ 2 ಮಿಲಿಮೀಟರ್. ಮುಂಜಾನೆ ಕಾಡಿನಲ್ಲಿ ಅದರೊಳಗೆ ಇಣುಕಿದರೆ ಹಿಗ್ಗಿದ ಕತ್ತಲೆ ಕಾಣಿಸುತ್ತದೆ, ಅಷ್ಟೆ. ಜೊತೆಗೆ ನಮ್ಮ ಕೈನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಇನ್ನೊಂದು ತುದಿಯಲ್ಲಿ, ಮುಕ್ಕಾಲು ಅಂಗುಲದ ಕೊಳವೆಯ 4x15 ಸ್ಕೋಪುಗಳಿವೆ, ಅಗ್ಗದ.22 ರೈಫಲ್‌ಗಳ ಜೊತೆ ಬಹಳ ಕಾಲದಿಂದ ಮಾರಾಟವಾಗುತ್ತಾ ಬಂದಿರುವಂಥವು. ಬೆಳಕೂ ಕಡಿಮೆ, ಕಾಣುವ ಹರವೂ ಕಿರಿದು. ಒಂದು ಅಂಗುಲದ ಕೊಳವೆಗಿಂತ ಕೆಳಗೆ ಇಳಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೀಗಾಗಿ ಉಳಿದದ್ದು 2-7x32 ಮತ್ತು 3-9x40 ಎಂಬ ಎರಡು ಅಳತೆಗಳು. 15 ಗಜದಲ್ಲಿ ಅಳಿಲನ್ನು ಬೇಗ ಹುಡುಕಲು 2 ಪಟ್ಟು ತುಂಬ ಉಪಯುಕ್ತ. 50 ಗಜದ ಕಾಗದಕ್ಕೆ 7 ಪಟ್ಟು ಧಾರಾಳ. ಲ್ಯೂಪೋಲ್ಡ್‌ನ ರಿಮ್‌ಫೈರ್ ಸ್ಕೋಪ್ ಕೈಯಲ್ಲಿ ಹಿಡಿದರೆ ಕೆಳಗಿಡಲು ಮನಸ್ಸು ಬರುವುದಿಲ್ಲ, ಆದರೆ ನನ್ನ ಮಿತಿ ಮೀರುತ್ತಿತ್ತು. ನಿಕಾನ್ ಈಗ ರೈಫಲ್ ಸ್ಕೋಪುಗಳನ್ನು ಮಾಡುವುದಿಲ್ಲ. ಅದರ ಪ್ರೋಸ್ಟಾಫ್ ರಿಮ್‌ಫೈರ್ ಹಳೆಯದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಈಗಲೂ ಕೊಳ್ಳಬಹುದು. ಸಿಮನ್ಸ್, ಬುಶ್‌ನೆಲ್, ಹಾಕ್, ವೋರ್ಟೆಕ್ಸ್ ಎಲ್ಲವನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದೆ.

ಅಂಗಡಿಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಎಲ್ಲ ಸ್ಕೋಪೂ ಸುಂದರಿಯೇ. ಅದಕ್ಕಾಗಿ ದೂರದ ಕತ್ತಲ ಮೂಲೆಯ ಕಪಾಟಿನ ಕಡೆ ತಿರುಗಿ, ಅಲ್ಲಿನ ಪೆಟ್ಟಿಗೆಗಳ ಮೇಲಿನ ಸಣ್ಣ ಅಕ್ಷರ ಓದಲು ನೋಡುತ್ತಿದ್ದೆ. ನಡುವಿನಲ್ಲಿ ಓದಲು ಬಂದದ್ದು ಅಂಚಿನಲ್ಲೂ ಬರುತ್ತದೆಯೇ? ಬಿಳಿ ಅಕ್ಷರದ ಸುತ್ತ ನೇರಳೆ ಗೆರೆ ಕಾಣುತ್ತದೆಯೇ? ಪಟ್ಟನ್ನು ಏರಿಸುತ್ತಾ ಹೋದಂತೆ ತಲೆಯನ್ನು ಹಿಂದೆ ಮುಂದೆ ಸರಿಸಬೇಕಾಗುತ್ತದೆಯೇ? ಗುರಿ ಹೊಂದಿಸುವ ಗುಂಡಿಯ ಮುಚ್ಚಳ ತೆರೆದು ತಿರುಗಿಸಿದಾಗ ಕಟ್ ಕಟ್ ಎಂಬುದು ಬೆರಳಿಗೆ ಎಣಿಸಲು ಸಿಗುತ್ತದೆಯೇ, ಅಥವಾ ಮಣ್ಣು ಕಲಸಿದಂತಿದೆಯೇ? ಈ ಪರೀಕ್ಷೆಯಲ್ಲಿ ನನ್ನ ಕಣ್ಣಿಗೆ ಗೆದ್ದದ್ದು ವೋರ್ಟೆಕ್ಸ್ ಕ್ರಾಸ್‌ಫೈರ್ 2ರ 2-7x32 ರಿಮ್‌ಫೈರ್ ಮಾದರಿ. ಪ್ಯಾರಲಾಕ್ಸ್ 50 ಗಜ, ಕೊಳವೆ ಒಂದು ಅಂಗುಲ. ರಸೀದಿ ಕೇಳದ, ಕೈ ಬದಲಾದರೂ ಮುಂದುವರಿಯುವ ಜೀವಮಾನದ ಖಾತರಿ ಇರುವುದರಿಂದ ಹಳೆಯದನ್ನು ಕೊಂಡರೂ ಭಯವಿಲ್ಲ. ಬೇರೆಯವರ ಕಣ್ಣು ಬೇರೆಯದನ್ನು ಆರಿಸಬಹುದು. ಕಣ್ಣಿಟ್ಟು ನೋಡದೆ ಕೊಳ್ಳಬೇಡಿ ಎಂಬುದಷ್ಟೇ ನನ್ನ ಹಟ.

ರಿಂಗುಗಳ ವಿಷಯದಲ್ಲಿ ಕೆಲವೇ ಮಾತು. 10/22ರ ಮೈಮೇಲೆ ತೂತುಗಳಿರುತ್ತವೆ, ಅದಕ್ಕೆ ಕೂರುವ ಪಟ್ಟಿ ರೈಫಲ್ ಜೊತೆಗೇ ಬರುತ್ತದೆ. ವೀವರ್ ಬಗೆಯ ರಿಂಗುಗಳು ಅದರ ಮೇಲೆ ಕೂರುತ್ತವೆ. ಸಿಝೆಡ್ 457ರಂತಹ ರೈಫಲ್‌ಗಳಲ್ಲಿ ಮೈಯಲ್ಲೇ 11 ಮಿಲಿಮೀಟರಿನ ತೋಡು ಕೊರೆದಿರುತ್ತದೆ, ಅದಕ್ಕೆ ಬೇರೆಯೇ ರಿಂಗು. ನಿಮ್ಮದು ಯಾವುದು ಎಂದು ನೋಡಿಕೊಂಡೇ ಅಂಗಡಿಗೆ ಹೋಗಿ. 32 ಮಿಲಿಮೀಟರ್ ಮಸೂರಕ್ಕೆ ತಗ್ಗಿನ ರಿಂಗು ಸಾಕು. ಸ್ಕೋಪ್ ತಗ್ಗಿದಷ್ಟೂ ಕೆನ್ನೆ ಹಿಡಿಗೆ ಚೆನ್ನಾಗಿ ಒತ್ತುತ್ತದೆ. ಕೂರಿಸುವಾಗ ಬೇಟೆಗೆ ತೊಡುವ ದಪ್ಪ ಜಾಕೆಟ್ಟನ್ನೇ ತೊಟ್ಟುಕೊಂಡು, ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೇರಿಸಿ, ಆಮೇಲೆ ಕಣ್ಣು ತೆರೆದೆ. ತೆರೆದ ತಕ್ಷಣ ವೃತ್ತ ಪೂರ್ತಿ ಕಾಣುವವರೆಗೆ ಸ್ಕೋಪನ್ನು ಹಿಂದೆ ಮುಂದೆ ಸರಿಸಿದೆ. ರಿಂಗಿನ ತಿರುಪುಗಳನ್ನು 18 ಇಂಚು-ಪೌಂಡ್ ಅಳತೆಗೆ ಬಿಗಿದೆ. ಬಲ ಇದೆ ಎಂದು ಇನ್ನೂ ಬಿಗಿದರೆ ಕೊಳವೆಯ ಮೇಲೆ ಕಚ್ಚು ಬೀಳುತ್ತದೆ.

ಗುರಿ ಹೊಂದಿಸುವ ಮೊದಲು ತೋಟಾ ಆರಿಸಿಕೊಳ್ಳಬೇಕು. .22 ರೈಫಲ್‌ಗಳು ಒಂದು ಬಗೆಯ ತೋಟಾವನ್ನು ಮೆಚ್ಚುತ್ತವೆ, ಇನ್ನೊಂದನ್ನು ಚದುರಿಸುತ್ತವೆ. ಅದಕ್ಕೆ ಬೆಲೆಗೂ ಸಂಬಂಧವಿಲ್ಲ. ನನ್ನದು ಮೆಚ್ಚಿದ್ದು ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ: 40 ಗ್ರೇನ್ ತೂಕದ ಗುಂಡು, ಸೆಕೆಂಡಿಗೆ 1070 ಅಡಿ. ಶಬ್ದದ ವೇಗಕ್ಕಿಂತ ಕೆಳಗೇ ಹೊರಡುವುದರಿಂದ, ದಾರಿಯಲ್ಲಿ ಶಬ್ದದ ವೇಗ ದಾಟಿ ಇಳಿಯುವಾಗಿನ ಕುಲುಕಾಟ ಇದಕ್ಕಿಲ್ಲ. 10/22ರ ಮೈ ಹಿಂಬದಿಯಲ್ಲಿ ಮುಚ್ಚಿರುವುದರಿಂದ ನಳಿಗೆಯೊಳಗಿಂದ ನೋಡಿ ಅಂದಾಜು ಮಾಡಲು ಬಾರದು. ಹಾಗಾಗಿ 25 ಗಜದಲ್ಲಿ ದೊಡ್ಡ ಕಾಗದ ಹಾಕಿ ಶುರು ಮಾಡಿ, ಆಮೇಲೆ 50ಕ್ಕೆ ಹೋದೆ. ಸ್ಕೋಪಿನ ಮೇಲೆ ಒಂದು ಕ್ಲಿಕ್ ಕಾಲು ಎಂಒಎ (ಕೋನದ ಒಂದು ಅಳತೆ) ಎಂದು ಬರೆದಿದ್ದರೆ, ಅದು 100 ಗಜದಲ್ಲಿ ಸುಮಾರು ಕಾಲು ಅಂಗುಲ. 50ರಲ್ಲಿ ಅಂಗುಲದ ಎಂಟನೆಯ ಒಂದು ಭಾಗ, 25ರಲ್ಲಿ ಹದಿನಾರನೆಯ ಒಂದು ಭಾಗ. ಇದನ್ನು ಮರೆತವರು ಹತ್ತಿರದ ಗುರಿಗೆ ಎರಡೇ ಕ್ಲಿಕ್ ತಿರುಗಿಸಿ ಸ್ಕೋಪ್ ಕೆಟ್ಟಿದೆ ಎನ್ನುತ್ತಾರೆ.

50 ಗಜಕ್ಕೆ ಹೊಂದಿಸಿದ ಮೇಲೆ 25 ಗಜದಲ್ಲಿ ಗುಂಡು ಹೆಚ್ಚುಕಡಿಮೆ ಅದೇ ಜಾಗಕ್ಕೆ ಬೀಳುತ್ತದೆ. 100 ಗಜದಲ್ಲಿ ಮಾತ್ರ ಆರೇಳು ಅಂಗುಲ ಕೆಳಗಿಳಿಯುತ್ತದೆ. ಗುಂಡಿ ತಿರುಗಿಸುವ ಬದಲು ಅಡ್ಡಗೆರೆಯ ಕೆಳಗಿನ ದಪ್ಪ ಕಂಬದ ತುದಿ ಎಷ್ಟು ದೂರಕ್ಕೆ ಸರಿಹೋಗುತ್ತದೆ ಎಂದು ಹೊಡೆದು ನೋಡಿ ಇಟ್ಟುಕೊಂಡಿದ್ದೇನೆ. ಅದನ್ನು 7 ಪಟ್ಟಿನಲ್ಲಿಯೇ ನೋಡಬೇಕು. ಈ ಬೆಲೆಯ ಸ್ಕೋಪುಗಳಲ್ಲಿ ಪಟ್ಟು ಬದಲಾದರೂ ಗೆರೆ ಹಿಗ್ಗುವುದಿಲ್ಲವಾದ್ದರಿಂದ ಆ ತುದಿಯ ಅಳತೆ ಪ್ರತಿ ಪಟ್ಟಿಗೂ ಬೇರೆಯಾಗುತ್ತದೆ.

ವಿರಾಜಪೇಟೆಯ ಹತ್ತಿರ ತೋಟ ನೋಡಿಕೊಳ್ಳುವ ಚಿಕ್ಕಪ್ಪನ ಮಗ ಇದನ್ನೆಲ್ಲ ಕೇಳಿ, “ಅಣ್ಣ, ಮುಂದಿನ ಸಲ ಬರುವಾಗ ನನ್ನ ಏರ್ ರೈಫಲ್‌ಗೂ ಅಂಥದ್ದೊಂದು ತನ್ನಿ” ಎಂದ. ತರುವುದಿಲ್ಲ ಎಂದೆ. ರೈಫಲ್ ಸ್ಕೋಪ್ ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿರುವ ವಸ್ತು. ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಹಾಕಿಕೊಂಡು ಹೊರಡುವಂಥದ್ದಲ್ಲ. ಅದೂ ಅಲ್ಲದೆ ನನ್ನ ಸ್ಕೋಪ್ ಅವನ ಕೆಲಸಕ್ಕೆ ಬರುವುದೂ ಇಲ್ಲ. .22ರ ಒದೆತ ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೇ ಅದರ ಮೇಲೆ ಅಗ್ಗದ ಸ್ಕೋಪೂ ಬಾಳುತ್ತದೆ. ಸ್ಪ್ರಿಂಗಿನ ಏರ್ ರೈಫಲ್ ಮೊದಲು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ತುದಿಗೆ ಬಡಿದು ನಿಂತಾಗ ಮುಂದಕ್ಕೂ ಜಗ್ಗುತ್ತದೆ. ಹಿಂದಿನ ಒದೆತಕ್ಕಷ್ಟೇ ಗಟ್ಟಿಯಾಗಿ ಕಟ್ಟಿದ ಸ್ಕೋಪಿನ ಒಳಗಿನ ಭಾಗಗಳು ಈ ಎರಡನೆಯ ಜಗ್ಗಿಗೆ ಸಡಿಲವಾಗುತ್ತವೆ. ಏರ್ ರೈಫಲ್‌ಗೆಂದೇ ಮಾಡಿದ, 10 ಗಜದವರೆಗೆ ಪ್ಯಾರಲಾಕ್ಸ್ ಇಳಿಸಬಹುದಾದ ಸ್ಕೋಪನ್ನು ಅಲ್ಲಿಯೇ ನೋಡಿ ಕೊಳ್ಳಲು ಹೇಳಿದ್ದೇನೆ. ಅಂಗಡಿಯವನು ದೊಡ್ಡ ಪಟ್ಟಿನದನ್ನೇ ಮೊದಲು ತೋರಿಸುತ್ತಾನೆ ಎಂದೂ ಎಚ್ಚರಿಸಿದ್ದೇನೆ.