ಬಿಟ್ಟಾನ ಅಂದ್ರ ಕಾಗದ ಎಲ್ಲೈತಿ?

ಗಂಡ ಬಿಟ್ಟ ಅಂತ ನನ್ನ ಹತ್ರ ಬರುವ ಹೆಣ್ಣುಮಕ್ಕಳು ಮೊದಲು ಅಳುತ್ತಾರೆ. ಅಳಲಿ ಅಂತ ಬಿಡುತ್ತೇನೆ. ಚಹಾ ಕುಡಿದಾದ ಮೇಲೆ ಒಂದೇ ಮಾತು ಕೇಳುತ್ತೇನೆ. "ಬಿಟ್ಟಾನ ಅಂತೀಯಲ್ಲವ್ವಾ, ಕಾಗದ ಎಲ್ಲೈತಿ?"

ಈ ಮಾತನ್ನು ನನಗೆ ಆಗ ಯಾರಾದರೂ ಕೇಳಿದ್ದರೆ ನನ್ನ ಮೂರು ವರ್ಷ ಉಳಿಯುತ್ತಿತ್ತು.

ನಮ್ಮದು ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ನಾವು ನದಾಫರು, ಪಿಂಜಾರರು ಅಂತಲೂ ಕರೆಯುತ್ತಾರೆ. ಅರಳೆ ಹಿಂಜಿ ಗಾದಿ ತುಂಬುವುದು ಹಿರಿಯರಿಂದ ಬಂದ ಕಸುಬು. ಮನೆಮಾತು ಕನ್ನಡ. ಮೊಹರಂ ಬಂದರೆ ಊರಿಗೆ ಊರೇ ಸೇರಿ ಅಲಾಯಿ ಕುಣಿಯುತ್ತದೆ. ನಮ್ಮವರ ಮನೆ ಇಪ್ಪತ್ತೆರಡು, ಒಂದು ಸಣ್ಣ ಮಸೀದಿ. ಖಾಜಿ ಇಲ್ಲ. ನಿಕಾ ಓದೋಕೆ ಪಟ್ಟಣದಿಂದ ಹಜರತ್ ಬರುತ್ತಾರೆ, ಓದುತ್ತಾರೆ, ಊಟ ಮಾಡಿ ಬಸ್ ಹತ್ತುತ್ತಾರೆ. ದಫ್ತರದಲ್ಲಿ ಏನು ಬರೆದರು, ನಕಲು ಎಲ್ಲಿದೆ ಅಂತ ಹುಡುಗಿ ಕಡೆಯವರು ಕೇಳುವುದಿಲ್ಲ. ಬಿರಿಯಾನಿ ಸಾಲದೆ ಹೋದರೆ ಅನ್ನುವ ಚಿಂತೆಯೇ ಜಾಸ್ತಿ.

ನನ್ನ ನಿಕಾ ಆದದ್ದು 2009ರಲ್ಲಿ. ಆಗ ನನಗೆ ಹತ್ತೊಂಬತ್ತು. ಗಂಡ ಗೋವಾಕ್ಕೆ ಸೆಂಟ್ರಿಂಗ್ ಕೆಲಸಕ್ಕೆ ಹೋದ. ಮೊದಲು ತಿಂಗಳಿಗೊಮ್ಮೆ ದುಡ್ಡು ಬರುತ್ತಿತ್ತು. ಆಮೇಲೆ ಹಬ್ಬಕ್ಕೊಮ್ಮೆ. ಆಮೇಲೆ ಫೋನೂ ಇಲ್ಲ. 2014ರಲ್ಲಿ ಮೈದುನ ಅಂಗಳದಲ್ಲೇ ನಿಂತು ಹೇಳಿದ, "ಅಣ್ಣ ಫೋನಿನ್ಯಾಗ ಮೂರ್ ಸಲ ತಲಾಖ್ ಅಂದಾನ. ಮುಗೀತು." ಮಗನ ಕೈ ಹಿಡಿದುಕೊಂಡು ತವರಿಗೆ ಬಂದೆ. ಯಾರೂ ಏನೂ ಬರೆಯಲಿಲ್ಲ. ನಾನೂ ಬರೆಸಿಕೊಳ್ಳಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ರೇಷನ್ ಕಾರ್ಡಿನಲ್ಲಿ ನನ್ನ ಹೆಸರು ಅತ್ತೆ ಮನೆಯಲ್ಲೇ ಉಳಿಯಿತು. ನನ್ನ, ನನ್ನ ಮಗನ ಪಾಲಿನ ಅಕ್ಕಿಯನ್ನು ಅವರೇ ತರುತ್ತಿದ್ದರು. ಹೆಸರು ತೆಗೆಸೋಕೆ ಹೋದರೆ ಒಂದು ಕಚೇರಿಯಲ್ಲಿ "ಡೈವೋರ್ಸ್ ಆರ್ಡರ್ ತಗೊಂಬಾ" ಅಂದರು. ಆರ್ಡರ್ ಎಲ್ಲಿಂದ ತರಲಿ? ಸಮಾಜದ ಲೆಕ್ಕದಲ್ಲಿ ಬಿಟ್ಟವಳು, ಸರ್ಕಾರದ ಲೆಕ್ಕದಲ್ಲಿ ಗಂಡನ ಮನೆಯವಳು.

ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ, ಆದಾಯ ಎಷ್ಟು ಅಂತಲೂ ನೋಡುವುದಿಲ್ಲ ಅಂತ ನನಗೆ ಗೊತ್ತಾದದ್ದು 2017ರಲ್ಲಿ. ಅಲ್ಲಿ ಸಿಕ್ಕ ವಕೀಲಮ್ಮ 1939ರ ಒಂದು ಕಾನೂನು ತೋರಿಸಿದರು. ಗಂಡ ಎರಡು ವರ್ಷ ಹೊಟ್ಟೆಬಟ್ಟೆಗೆ ಕೊಡದಿದ್ದರೆ, ನಾಲ್ಕು ವರ್ಷ ಎಲ್ಲಿದ್ದಾನೆ ಅಂತಲೇ ಗೊತ್ತಿಲ್ಲದಿದ್ದರೆ, ಮುಸ್ಲಿಂ ಹೆಂಡತಿ ತಾನೇ ಕೋರ್ಟಿಗೆ ಹೋಗಿ ಮದುವೆ ಬಿಡಿಸಿಕೊಳ್ಳಬಹುದು. ನಮ್ಮಜ್ಜಿ ಹುಟ್ಟುವ ಮೊದಲೇ ಇದ್ದ ಹಕ್ಕು ಇದು. ನಮ್ಮ ಊರಿಗೆ ಅದರ ಸುದ್ದಿಯೇ ಬಂದಿರಲಿಲ್ಲ. ಮದುವೆಗೆ ಸಾಕ್ಷಿ ಬೇಕು ಅಂದರು. ನಿಕಾನಾಮೆ ಇಲ್ಲ. ಬಸುರಿದ್ದಾಗ ಆಸ್ಪತ್ರೆಯಲ್ಲಿ ಕೊಟ್ಟ ತಾಯಿ ಕಾರ್ಡು ಟ್ರಂಕಿನ ತಳದಲ್ಲಿ ಸಿಕ್ಕಿತು. ಗಂಡನ ಹೆಸರು ಅದರಲ್ಲಿ ನೀಲಿ ಪೆನ್ನಿನಲ್ಲಿ ಬರೆದಿತ್ತು. ಅದು, ಮಗನ ಜನನ ಪ್ರಮಾಣಪತ್ರ, ಒಂದು ಮದುವೆ ಫೋಟೊ. ಇಷ್ಟರ ಮೇಲೆ ಕೇಸು ನಿಂತಿತು. ತೀರ್ಪು ಬಂದದ್ದು 2019ರಲ್ಲಿ.

ಕೇಸು ನಡೆಯುವಾಗಲೇ ಅದೇ ಸಮಿತಿಯಲ್ಲಿ ಪ್ಯಾರಾ ಲೀಗಲ್ ಸ್ವಯಂಸೇವಕಿಯಾಗಿ, ಅಂದರೆ ಜನರಿಗೆ ಕಾನೂನಿನ ದಾರಿ ತೋರಿಸುವವಳಾಗಿ, ತರಬೇತಿ ತಗೊಂಡೆ. ಈಗ ಸುತ್ತಲಿನ ಹಳ್ಳಿಗಳಿಗೆ ಹೋಗುತ್ತೇನೆ.

2017ರ ಆಗಸ್ಟ್ 22ಕ್ಕೆ ಸುಪ್ರೀಂ ಕೋರ್ಟು ಒಂದೇ ಉಸಿರಿನ ಮೂರು ತಲಾಖನ್ನು ತಳ್ಳಿಹಾಕಿತು. 2019ರಲ್ಲಿ ಹಾಗೆ ಹೇಳುವುದೇ ಅಪರಾಧ, ಮೂರು ವರ್ಷದವರೆಗೆ ಜೈಲು ಅಂತ ಕಾನೂನು ಬಂತು. ನಾನು ಓಡಾಡುವ ಊರುಗಳಲ್ಲಿ ಆಮೇಲೆ ಏನಾಯಿತು ಗೊತ್ತಾ? ಗಂಡಸರು ತಲಾಖ್ ಅನ್ನುವುದನ್ನೇ ನಿಲ್ಲಿಸಿದರು. ಸುಮ್ನೆ ಬಿಟ್ಟು ಹೋಗುತ್ತಾರೆ. ಇಲ್ಲವೇ ಹೆಂಡತಿಯ ಕೈಲೇ ಖುಲಾ ಅಂತ ಬರೆಸುತ್ತಾರೆ. ಖುಲಾ ಅಂದರೆ ಹೆಂಡತಿ ತಾನಾಗಿ ಬಿಡುಗಡೆ ಕೇಳುವುದು. ಅದರಲ್ಲಿ ಮೆಹರ್, ಅಂದರೆ ನಿಕಾದಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪಿದ್ದನ್ನು, ಬಿಟ್ಟುಕೊಡುವುದು ರೂಢಿ. ಬಿಡುವವನು ಅವನು, ಕಳಕೊಳ್ಳುವವಳು ಇವಳು!

ಅಂಥದ್ದೊಂದು ಪಂಚಾಯ್ತಿಗೆ ನಾನು ಹೋಗಿದ್ದೆ. ಮಸೀದಿ ಪಕ್ಕದ ಕೋಣೆ. ಚಾಪೆ ಮೇಲೆ ಏಳೆಂಟು ಹಿರಿಯರು. ಹುಡುಗಿಗೆ ಇಪ್ಪತ್ತಾರು, ಮಡಿಲಲ್ಲಿ ಮಗು. ಸ್ಟಾಂಪ್ ಪೇಪರ್ ಮೊದಲೇ ಟೈಪ್ ಆಗಿ ಬಂದಿತ್ತು. "ಸಹಿ ಮಾಡಿಬಿಡವ್ವಾ, ಎಲ್ಲಾರ್ಗೂ ಚಲೋ ಆಕ್ಕೈತಿ" ಅಂತ ಒಬ್ಬರು ಪೆನ್ನು ಕೊಟ್ಟರು. ಅವಳಿಗೆ ಓದಲು ಬರುತ್ತದೆ, ಆದರೆ ಕೈ ನಡುಗುತ್ತಿತ್ತು. ನಾನು ಕಾಗದ ಇಸಕೊಂಡು ಜೋರಾಗಿ, ನಿಧಾನಕ್ಕೆ ಓದಿದೆ. ತಾನು ಸ್ವಂತ ಇಚ್ಛೆಯಿಂದ ಖುಲಾ ಕೇಳಿದ್ದೇನೆ, ಮೆಹರ್ ಬಿಟ್ಟಿದ್ದೇನೆ, ಮುಂದೆ ಏನೂ ಕೇಳುವುದಿಲ್ಲ ಅಂತ ಇತ್ತು.

ಹುಡುಗಿ ತಲೆ ಎತ್ತಿದಳು. "ನಾ ಯಾವಾಗ ಕೇಳೀನಿ?"

ಯಾರೂ ಮಾತಾಡಲಿಲ್ಲ. ಜಗಳ ಮಾಡಿದ್ದರೆ ಎದ್ದು ಹೋಗುತ್ತಿದ್ದರು. ಮಸೀದಿ ನೋಡಿಕೊಳ್ಳುವ ಮುತವಲ್ಲಿಯವರ ಕಡೆ ತಿರುಗಿ, "ಕಾಕಾ, ಖುಲಾ ಅಂದ್ರ ಹೆಣ್ಣು ಕೇಳಬೇಕಲ್ರೀ? ಈಕಿ ಕೇಳಿಲ್ಲ ಅಂತಾಳ. ಸುಳ್ಳು ಬರೆದ ಕಾಗದಕ್ಕ ಮಸೀದ್ಯಾಗ ಸಹಿ ಹಾಕಸೋದು ಸರೀನಾ?" ಅಂದೆ. ಅವರು ದೇವರಿಗೆ ಹೆದರುವ ಮನುಷ್ಯ. ಸ್ವಲ್ಪ ಹೊತ್ತು ದಾಡಿ ನೀವಿಕೊಂಡರು. ಆ ಕಾಗದ ಎತ್ತಿ ಹರಿದರು.

ಹೊಸ ಕಾಗದ ಬರೆಯೋಕೆ ಸಂಜೆಯ ಮಗ್ರಿಬ್ ನಮಾಜಿನ ಹೊತ್ತಾಯಿತು. ತಲಾಖ್ ಕೊಡುತ್ತಿರುವವನು ಗಂಡ ಅಂತ ತಾರೀಖು ಹಾಕಿ ಬರೆಸಿದೆವು. ಮೆಹರ್, ತಲಾಖ್ ಆದ ಮೇಲೆ ಹೆಣ್ಣು ಕಾಯುವ ಮೂರು ತಿಂಗಳ ಇದ್ದತ್ತಿನ ಖರ್ಚು, ತವರಿನವರು ಕೊಟ್ಟ ಬಂಗಾರ, ಪಾತ್ರೆ ವಾಪಸ್, ಮಗು ತಾಯಿ ಹತ್ರ. "ಮುಂದೆ ಏನೂ ಕೇಳುವುದಿಲ್ಲ" ಅನ್ನುವ ಸಾಲು ಹಾಕೋಕೆ ಬಿಡಲಿಲ್ಲ. ಆ ಒಂದು ಸಾಲಿಗೇ ಒಂದು ತಾಸು ಹಿಡಿಯಿತು.

ಯಾಕೆಂದರೆ ಜೀವನಾಂಶದ ಅರ್ಜಿ ಬೇರೆ ಹಾಕಬೇಕಿತ್ತು. ಅವಳಿರುವ ತವರೂರಿನ ಕೋರ್ಟಿನಲ್ಲೇ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಿಲ್ಲ. ತಲಾಖ್ ಆದ ಮುಸ್ಲಿಂ ಹೆಣ್ಣಿಗೂ ಈ ಹಕ್ಕಿದೆ ಅಂತ ಸುಪ್ರೀಂ ಕೋರ್ಟು 2024ರ ಜುಲೈ 10ರಂದು ಮತ್ತೆ ಗಟ್ಟಿಯಾಗಿ ಹೇಳಿತು. ಆ ಸುದ್ದಿ ಬಂದ ಪೇಪರ್ ತುಂಡು ನನ್ನ ಚೀಲದಲ್ಲಿ ಸದಾ ಇರುತ್ತದೆ. ಮಡಿಸಿ ಮಡಿಸಿ ಹರಿದಿದೆ, ಟೇಪ್ ಹಚ್ಚಿದ್ದೇನೆ. ಇನ್ನೊಂದು, ಅರ್ಜಿ ಹಾಕಿದ ದಿನದಿಂದ ಜೀವನಾಂಶ ಲೆಕ್ಕ ಹಾಕಬೇಕು ಅಂತ 2020ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಹಿರಿಯರು "ಇನ್ನೊಂದ್ ಸಲ ಕುಂತು ಮಾತಾಡೋಣು" ಅಂದರೆ ಮಾತಾಡಿ, ಆದರೆ ಅರ್ಜಿ ಹಾಕಿಟ್ಟು ಮಾತಾಡಿ.

ಕೋರ್ಟಿನ ದುಡ್ಡು ತಡವಾಗಿ ಬರುತ್ತದೆ. ಅಲ್ಲಿವರೆಗೆ ಒಲೆ ಉರಿಯಬೇಕಲ್ವಾ? ಮದುವೆಯಾಗದ, ವಿಚ್ಛೇದನವಾದ ಹೆಣ್ಣುಮಕ್ಕಳಿಗೆ ಸರ್ಕಾರ ಕೊಡುವ ಮನಸ್ವಿನಿ ಪಿಂಚಣಿ ನಲವತ್ತು ದಾಟಿದವರಿಗೆ ಮಾತ್ರ. ಗೃಹಲಕ್ಷ್ಮಿಯ 2,000 ರೂಪಾಯಿ ರೇಷನ್ ಕಾರ್ಡಿನ ಯಜಮಾನಿಗೆ ಬರುತ್ತದೆ. ತವರಿನ ಕಾರ್ಡಿಗೆ ಸೇರಿದರೆ ಅಲ್ಲಿ ಯಜಮಾನಿ ಅವ್ವ. ಅದಕ್ಕೇ ಕಾಗದ ಸಿಕ್ಕ ಕೂಡಲೇ ಹಳೇ ಕಾರ್ಡಿನಿಂದ ಹೆಸರು ತೆಗೆಸಿ, ತಾಯಿ ಮಗುವಿಗೆ ಬೇರೆ ಕಾರ್ಡಿಗೆ ಅರ್ಜಿ ಕೊಡಿಸುತ್ತೇನೆ.

ದುಡಿಮೆಗೆ ನಾನು ಹಿಡಿದದ್ದು ನಮ್ಮ ಕಸುಬನ್ನೇ. ಮೊದಲು ಗಂಡಸರು ಅರಳೆ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಹಿಂಜುತ್ತಿದ್ದರು. ಹೊಲಿಯುತ್ತಿದ್ದವರು ಹೆಂಗಸರು, ಕೂಲಿ ಮಾತ್ರ ಗಂಡಸರ ಕೈಗೆ. ಈಗ ಫೋಮ್ ಗಾದಿ ಬಂದು ಹೊಸ ಗಾದಿ ಕೇಳುವವರು ಕಡಿಮೆ. ಆದರೆ ಅವ್ವ ಮದುವೆಗೆ ಕೊಟ್ಟ ಗಾದಿಯನ್ನು ಯಾರೂ ಎಸೆಯುವುದಿಲ್ಲ. ಅದು ಗಂಟುಗಂಟಾಗಿರುತ್ತದೆ. ನಾವು ಬಿಚ್ಚುತ್ತೇವೆ, ಅರಳೆಯನ್ನು ಬಿಸಿಲಿಗೆ ಹರಡುತ್ತೇವೆ, ಯಂತ್ರಕ್ಕೆ ಕೊಡುತ್ತೇವೆ. ಮೂಗಿಗೆ ಬಟ್ಟೆ ಕಟ್ಟದಿದ್ದರೆ ರಾತ್ರಿಯೆಲ್ಲ ಕೆಮ್ಮು. ಹತ್ತು ಕಿಲೊ ಅರಳೆ ಸಮನಾಗಿ ತುಂಬಿ, ಕೋಲಿನಿಂದ ಬಡಿದು, ದಬ್ಬಣದಲ್ಲಿ ಗೇಣಿಗೊಂದು ಟಾಕು ಹಾಕಬೇಕು. ಮೂಲೆ ಚೌಕ ಬರುವುದೇ ಕಷ್ಟ. ಮೂಲೆ ನೋಡಿಯೇ ಗಿರಾಕಿ ಮತ್ತೆ ಬರುವುದು. ಈಗ ಐದು ಜನ ಇದ್ದೇವೆ.

ನಾನು ಉಳಿಸಿದ ದುಡ್ಡಲ್ಲಿ ತಂದ ಮೊದಲ ಹೊಲಿಗೆ ಯಂತ್ರದ ಬಿಲ್ಲನ್ನು ಅಣ್ಣನ ಹೆಸರಲ್ಲಿ ಮಾಡಿಸಿದ್ದೆ. ಮನೆ ಪಾಲಾದಾಗ ಅದು ಅವನ ಪಾಲಿಗೆ ಹೋಯಿತು. ಇವತ್ತಿಗೂ ಅದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಈಗ ದಬ್ಬಣ ತಂದರೂ ಬಿಲ್ಲು ತಂದವಳ ಹೆಸರಲ್ಲಿ.

ಆ ಹುಡುಗಿ ನಮ್ಮ ಜೊತೆಗೇ ಹೊಲಿಯುತ್ತಾಳೆ. ಕೋರ್ಟು ತಿಂಗಳಿಗೆ 3,000 ಮಧ್ಯಂತರ ಜೀವನಾಂಶ ಹಾಕಿತು. ಅವನು ನಾಲ್ಕು ತಿಂಗಳು ಕಟ್ಟಿ ನಿಲ್ಲಿಸಿದ್ದಾನೆ. ಬಾಕಿಗೆ ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು, ತಡಮಾಡಿದರೆ ಹಳೆಯದು ಕೈತಪ್ಪುತ್ತದೆ. ಗುರುವಾರ ಕುಷ್ಟಗಿಗೆ ಹೋಗುತ್ತಿದ್ದೇವೆ. ಅಲ್ಲೇ ಒಂದು ಮನೆಗೆ ಎರಡು ಗಾದಿ ಮುಟ್ಟಿಸುವುದಿದೆ. ಮೊದಲ ಬಸ್ಸಿನ ಕಂಡಕ್ಟರಿಗೆ ಹೇಳಿಟ್ಟಿದ್ದೇನೆ, ಗಾದಿಗೆ ಜಾಗ ಇಟ್ಟಿರು ಅಂತ.