ಘಾಟ್‌ಕೋಪರ್‌ಗೆ ಇಳಿಯುವವಳ ಸೀಟು

2007ರ ಜೂನ್‌ನಲ್ಲಿ ಮುಂಬೈಯ ಅಂಧೇರಿ ಪೂರ್ವದ ಚಕಾಲಾದಲ್ಲಿ ನನಗೆ ಲೆಕ್ಕಪತ್ರ ನೋಡುವ ಕೆಲಸ ಸಿಕ್ಕಿತು. ಮನೆ ಡೊಂಬಿವಲಿಯಲ್ಲಿ. ಗದಗದಿಂದ ಮದುವೆಯಾಗಿ ಬಂದು ಏಳು ತಿಂಗಳಾಗಿತ್ತು, ಲೋಕಲ್ ರೈಲುಗಾಡಿಯಲ್ಲಿ ಒಬ್ಬಳೇ ಹತ್ತಿಯೇ ಇರಲಿಲ್ಲ. ಕೆಲಸಕ್ಕೆ ಹೋಗುವ ಹಿಂದಿನ ರಾತ್ರಿ ವೈನಿ, ಅಂದರೆ ಅತ್ತಿಗೆ, ಕೂಡಿಸಿಕೊಂಡು ಹೇಳಿದರು: "ಬಾಗಲದಾಗ ನಿಂದ್ರಬ್ಯಾಡ, ಒಳಗ ಹೋಗು. ಬ್ಯಾಗ್ ಎದಿಗೆ ಹಾಕ್ಕೋ. ಓಡ್ನಿ ಗಂಟು ಹಾಕಿ ಬಿಡು. ಗಾಡಿ ತಪ್ಪಿದ್ರ ತಪ್ಪಲಿ, ಹಿಂದ ಇನ್ನೊಂದು ಬರ್ತದ." ಇವತ್ತಿಗೂ ನಾನು ನಡೆಯುವುದು ಆ ನಾಲ್ಕು ಮಾತಿನ ಮೇಲೆಯೇ.

ಮುಂಬೈಯ ಗಾಡಿಗಳು ಉತ್ತರ–ದಕ್ಷಿಣವಾಗಿ ಓಡುತ್ತವೆ. ಡೊಂಬಿವಲಿ ಸೆಂಟ್ರಲ್ ಲೈನ್ ಮೇಲಿದೆ, ಅಂಧೇರಿ ವೆಸ್ಟರ್ನ್ ಲೈನ್ ಮೇಲಿದೆ. ಒಂದರಿಂದ ಇನ್ನೊಂದಕ್ಕೆ ಅಡ್ಡ ಹೋಗುವುದೇ ಕಷ್ಟ. ಆಗ ನನಗಿದ್ದದ್ದು ಎರಡು ದಾರಿ. ದಾದರ್‌ವರೆಗೆ ಹೋಗಿ, ಸೇತುವೆ ದಾಟಿ, ವೆಸ್ಟರ್ನ್ ಗಾಡಿ ಹಿಡಿದು ಮತ್ತೆ ಉತ್ತರಕ್ಕೆ ಬರುವುದು ಒಂದು. ಘಾಟ್‌ಕೋಪರ್‌ನಲ್ಲಿ ಇಳಿದು ಬಸ್ ಹಿಡಿಯುವುದು ಇನ್ನೊಂದು. ಎರಡನ್ನೂ ಮಾಡಿ ನೋಡಿದೆ. ದಾದರ್ ದಾರಿ ಸುತ್ತು, ಆದರೆ ಎಷ್ಟು ಹೊತ್ತಿಗೆ ಮುಟ್ಟುತ್ತೇನೆಂದು ಹೇಳಬಹುದಿತ್ತು. ಬಸ್ಸಿನ ದಾರಿ ಹತ್ತಿರದ್ದು, ಆದರೆ ಸಾಕಿನಾಕಾದಲ್ಲಿ ನಿಂತರೆ ನಿಂತೇಬಿಟ್ಟಿತು. ಮೆಟ್ರೋ ಕಂಬಗಳಿಗಾಗಿ ರಸ್ತೆ ಅಗೆದ ಮೇಲಂತೂ ಬಸ್ಸಿನಲ್ಲೇ ಒಂದು ತಾಸು ಹೋದ ದಿನಗಳಿವೆ. ಆದರೂ ಘಾಟ್‌ಕೋಪರನ್ನೇ ಆರಿಸಿಕೊಂಡೆ. ದಾದರ್ ಸೇತುವೆಯ ಮೇಲಿನ ನೂಕು ನನ್ನ ಮೈಗೆ ಆಗಲಿಲ್ಲ.

ಮೊದಲ ವಾರವೇ ಒಂದು ದಿನ ಇಳಿಯಲಾಗದೆ ಕುರ್ಲಾಕ್ಕೆ ಹೋಗಿಬಿಟ್ಟೆ. ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆ ಎಂದು ನೋಡಿಕೊಳ್ಳದೆ ಎದುರು ಬಾಗಿಲಲ್ಲಿ ನಿಂತಿದ್ದೆ. ನಡುವೆ ನಿಂತ ಹೆಂಗಸರನ್ನು ದಾಟಿ ಈ ಕಡೆ ಬರುವಷ್ಟರಲ್ಲಿ ಗಾಡಿ ಹೊರಟಿತ್ತು. ಅಂದಿನಿಂದ ಭಾಂಡುಪ್ ಬಂತೆಂದರೆ ಎದ್ದು, ಮುಂದೆ ನಿಂತವರನ್ನು "ಘಾಟ್‌ಕೋಪರ್?" ಎಂದು ಕೇಳುತ್ತೇನೆ. ಹೌದೆಂದರೆ ಅವರ ಹಿಂದೆ ನಿಲ್ಲುತ್ತೇನೆ, ಅಲ್ಲವೆಂದರೆ ಅವರೇ ಸರಿದು ಮುಂದೆ ಬಿಡುತ್ತಾರೆ.

ಕೇಳುವುದು ಎಂದೆನಲ್ಲ, ಲೇಡೀಸ್ ಡಬ್ಬಿಯ ಜೀವಾಳವೇ ಅದು. ಬದಲಾಪುರ, ಕಲ್ಯಾಣದಿಂದ ಬರುವ ಗಾಡಿಯಲ್ಲಿ ಡೊಂಬಿವಲಿಗೆ ಉಳಿಯುವುದು ನಿಲ್ಲುವ ಜಾಗ ಮಾತ್ರ. ನಾನು ಡೊಂಬಿವಲಿಯಿಂದಲೇ ಹೊರಡುವ ಫಾಸ್ಟ್, ಅಂದರೆ ಕೆಲವೇ ಸ್ಟೇಷನ್‌ಗಳಲ್ಲಿ ನಿಲ್ಲುವ ಗಾಡಿ, ಹಿಡಿಯುತ್ತಿದ್ದೆ. ಒಮ್ಮೊಮ್ಮೆ ಕಿಟಕಿ ಸಿಗುತ್ತಿತ್ತು, ಹೆಚ್ಚಾಗಿ ಮೂವರ ಬೆಂಚಿನ ತುದಿಗೆ ನಾಲ್ಕನೆಯವಳಾಗಿ ಅರ್ಧ ಕೂರುತ್ತಿದ್ದೆ. ಆಗ ಫಾಸ್ಟ್ ಗಾಡಿಗಳು ಪಾರಸಿಕ್ ಸುರಂಗದೊಳಗೆ ಹೋಗುತ್ತಿದ್ದವು. ಒಂದು ಕಿಲೋಮೀಟರಿಗೂ ಮೀರಿದ ಆ ಕತ್ತಲಲ್ಲಿ ಡಬ್ಬಿಯ ಮಾತೆಲ್ಲ ಗಾಡಿಯ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಹೊರಬಂದ ಸ್ವಲ್ಪ ಹೊತ್ತಿಗೆ ಥಾಣೆ.

ಥಾಣೆಯಲ್ಲಿ ಹತ್ತಿದವರು ಕೂತವರನ್ನೆಲ್ಲ ಸಾಲಾಗಿ ಕೇಳುತ್ತ ಬರುತ್ತಾರೆ: "ಕುಠೇ ಉತರಣಾರ್?" ಎಲ್ಲಿ ಇಳಿಯುತ್ತೀರಿ ಎಂದು. ಮೊದಲ ಸಲ ನನಗದು ಯೋಗಕ್ಷೇಮ ವಿಚಾರಿಸಿದ ಹಾಗೆ ಕೇಳಿತು. ಘಾಟ್‌ಕೋಪರ್ ಎಂದೆ. ಕೇಳಿದಾಕೆ ನನ್ನ ಮೊಣಕಾಲಿಗೆ ತಾಗಿ ನಿಂತುಬಿಟ್ಟರು. ಹಿಂದೆಯೇ ಬಂದ ಇನ್ನೊಬ್ಬರಿಗೆ, ಇದು ಆಗಲೇ ತನ್ನದು ಎಂದರು. ನಾನು ತಬ್ಬಿಬ್ಬಾಗಿ ಫೋನಿನಲ್ಲಿ ಅವ್ವನ ಜೊತೆ ಮಾತಾಡುತ್ತಿರುವುದನ್ನು ಕೇಳಿ ಅವರೇ ನಕ್ಕರು. "ಕನ್ನಡದವರಾ ನೀವು? ನಾನು ಕಾರ್ಕಳದವಳು ಮಾರಾಯ್ತಿ. ಹೆದರಬೇಡಿ, ನೀವು ಇಳಿದ ಮೇಲೆ ನಾನು ಕೂರುವುದು. ಬೈಕುಲ್ಲಾವರೆಗೆ ನನಗೆ ಕಾಲು ನಿಲ್ಲುವುದಿಲ್ಲ."

ಈ ಕೇಳುವ ಪದ್ಧತಿಯನ್ನು ಯಾವ ರೈಲ್ವೆ ಪುಸ್ತಕದಲ್ಲೂ ಬರೆದಿಲ್ಲ. ಆದರೂ ಕೇಳಿದವಳನ್ನು ಬಿಟ್ಟು ಇನ್ನೊಬ್ಬಳಿಗೆ ಸೀಟು ಕೊಟ್ಟರೆ ಇಡೀ ಡಬ್ಬಿ ಎದ್ದು ನಿಲ್ಲುತ್ತದೆ. ಹೊಸಬರಿಗೆ ನಾನು ಹೇಳುವುದಿಷ್ಟು: ಸುಮ್ಮನೆ ನಿಂತು ಯಾರಾದರೂ ಏಳುತ್ತಾರೆಂದು ಕಾಯಬೇಡಿ, ಬಾಯಿ ಬಿಟ್ಟು ಕೇಳಿ. ಭಾಷೆ ಬರದಿದ್ದರೆ ಸ್ಟೇಷನ್ ಹೆಸರಾದರೂ ಹೇಳಿ. ನಿಮ್ಮನ್ನು ಕೇಳಿದಾಗ ಸುಳ್ಳು ಹೇಳಬೇಡಿ. ನಾನು ಮರಾಠಿ ಕಲಿತದ್ದೂ ಹೀಗೆ ಕೇಳುತ್ತ, ಹೇಳುತ್ತಲೇ.

2014ರ ಜೂನ್ 8, ಭಾನುವಾರ, ವರ್ಸೋವಾ–ಅಂಧೇರಿ–ಘಾಟ್‌ಕೋಪರ್ ಮೆಟ್ರೋ ಶುರುವಾಯಿತು. ಸೋಮವಾರ ಬೆಳಿಗ್ಗೆಯೇ ಹತ್ತಿದೆ. ಘಾಟ್‌ಕೋಪರ್‌ನಿಂದ ಆರನೆಯ ನಿಲ್ದಾಣ ಚಕಾಲಾ. ಏಳು ವರ್ಷ ಬಸ್ಸಿನಲ್ಲಿ ತಾಸುಗಟ್ಟಲೆ ಕೂತ ಸಾಕಿನಾಕಾ ಕೆಳಗೆ ಸರಿದುಹೋಗುವುದನ್ನು ನೋಡುತ್ತ ನನ್ನ ಕಣ್ಣು ತುಂಬಿ ಬಂತು. ಕಾಲು ಗಂಟೆಯೊಳಗೆ ಇಳಿದಿದ್ದೆ. ಆಮೇಲೆ ಬೆಳಿಗ್ಗೆ ಮಗನ ಊಟದ ಡಬ್ಬಿ ನಾನೇ ಕಟ್ಟತೊಡಗಿದೆ. ಅಲ್ಲಿಯವರೆಗೆ ಅದು ಅತ್ತೆಯ ಪಾಲಿನ ಕೆಲಸವಾಗಿತ್ತು.

ಮಳೆಗಾಲದ ಮಾತು ಬೇರೆ. ಸಮುದ್ರದ ಭರತಿಯ ಹೊತ್ತು, ಎತ್ತರ ಎರಡನ್ನೂ ನೋಡಿಯೇ ಮನೆ ಬಿಡುತ್ತೇನೆ. ಭರತಿ ನಾಲ್ಕೂವರೆ ಮೀಟರ್ ದಾಟುವ ಹೊತ್ತಿಗೆ ಜೋರು ಮಳೆ ಬಂದರೆ ಊರಿನ ನೀರು ಕಡಲಿಗೆ ಇಳಿಯುವುದಿಲ್ಲ, ಕುರ್ಲಾ–ಸಾಯನ್ ನಡುವೆ ಹಳಿ ಮುಳುಗುತ್ತದೆ. ಅಂಥ ದಿನ ಸಂಜೆ ತನಕ ಕಾಯದೆ ಮಧ್ಯಾಹ್ನವೇ ಹೊರಡುವುದು ಒಳ್ಳೆಯದು. ಆಫೀಸಿನ ಕಪಾಟಿನಲ್ಲಿ ಒಂದು ಜೊತೆ ಒಣಬಟ್ಟೆ, ಬಿಸ್ಕೆಟ್, ಫೋನಿನ ಚಾರ್ಜರ್ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದ್ದೇ ಇರುತ್ತವೆ. ಗಾಡಿ ನಡುವೆ ನಿಂತರೆ ಹಳಿಯ ಮೇಲೆ ಇಳಿದು ನಡೆಯಬೇಡಿ. ಪಕ್ಕದ ಹಳಿಯಲ್ಲಿ ಬರುವ ಗಾಡಿಯ ಸದ್ದು ಮಳೆಯಲ್ಲಿ ಕೇಳುವುದಿಲ್ಲ.

2020ರ ಮಾರ್ಚ್‌ನಲ್ಲಿ ಲೋಕಲ್ ನಿಂತಾಗ ಏಳು ತಿಂಗಳು ಮನೆಯಿಂದಲೇ ಲೆಕ್ಕ ಬರೆದೆ. ಅಕ್ಟೋಬರ್ 21ರಿಂದ ಎಲ್ಲ ಹೆಂಗಸರಿಗೂ ಗಾಡಿ ಹತ್ತಲು ಬಿಟ್ಟರು, ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ, ಮತ್ತೆ ಸಂಜೆ ಏಳರ ಮೇಲೆ. ಆಫೀಸಿನ ಕಡತ ತರಲೇಬೇಕಿತ್ತು, ಹನ್ನೊಂದು ದಾಟಿದ ಮೇಲೆ ಹೋದೆ. ಡಬ್ಬಿಯಲ್ಲಿ ಎಷ್ಟೋ ಬೆಂಚು ಖಾಲಿ. ಥಾಣೆಯಲ್ಲಿ ಮಾಸ್ಕ್ ಹಾಕಿದ ಒಬ್ಬರು ಹತ್ತಿ, ಖಾಲಿ ಬೆಂಚುಗಳನ್ನೆಲ್ಲ ದಾಟಿ ಬಂದು ನನ್ನ ಮುಂದೆ ನಿಂತರು. ಕಣ್ಣು ನೋಡಿದ ಕೂಡಲೇ ಗುರುತು ಸಿಕ್ಕಿತು. ಅವರು ಕೇಳುವ ಮೊದಲೇ "ಘಾಟ್‌ಕೋಪರ್, ಅಕ್ಕಾ" ಎಂದೆ. ಅವರು ಎದುರಿನ ಬೆಂಚಿನಲ್ಲಿ ಕೂತು, ಮಾಸ್ಕಿನೊಳಗೇ ಅಳುತ್ತ, "ಮನೆಯವರೆಲ್ಲ ಹುಷಾರಿದ್ದಾರಲ್ಲ?" ಎಂದು ಕೇಳಿದರು.