ಅಣ್ಣನ ಹಳೇ ಕಂಪ್ಯೂಟರಿಗೆ ರ‍್ಯಾಮ್ ಹಾಕಿದ್ದು: ಕೊಳ್ಳುವ ಮೊದಲು ಚಿಪ್ ಎಣಿಸಿ

ಅಣ್ಣನ ಕಂಪ್ಯೂಟರಿನ ಮುಂಭಾಗದಲ್ಲಿ ಪುಟ್ಟ ಕೆಂಪು ದೀಪವೊಂದಿದೆ. ಹಾರ್ಡ್ ಡಿಸ್ಕ್ ಕೆಲಸ ಮಾಡುವಾಗ ಮಿನುಗಬೇಕಾದ ದೀಪ. ಅದು ಮಿನುಗುವುದನ್ನೇ ಬಿಟ್ಟು ಒಂದೇ ಸಮ ಉರಿಯತೊಡಗಿತ್ತು. ಮನೆಯ ಹಳೇ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿ, ಕಲೆ ಗೀರು ತೆಗೆದು ಜೋಡಿಸಿಡುವ ಕೆಲಸಕ್ಕೆ ಅಣ್ಣ ಕೈಹಾಕಿದ್ದ. ಒಂದು ಫೋಟೋ ತೆರೆದರೆ ಪರವಾಗಿಲ್ಲ, ಎರಡನೆಯದು ತೆರೆದರೆ ಮೌಸ್ ನಿಂತಲ್ಲೇ ನಿಲ್ಲುತ್ತಿತ್ತು.

"ಸಾಕಾಯ್ತು ಕಣೆ, ಹೊಸದೇ ತಗೊಂಬಿಡ್ತೀನಿ" ಅಂದ.

"ಒಂದು ವಾರ ತಡಿ ಅಣ್ಣ, ಬಿಚ್ಚಿ ನೋಡ್ತೀನಿ" ಅಂದೆ.

ಆ ಒಂದು ವಾರ ಮೂರು ವಾರವಾಯಿತು. ತಪ್ಪು ನನ್ನದೇ. ರ‍್ಯಾಮ್ (ತೆರೆದ ಕೆಲಸ ಸದ್ಯಕ್ಕೆ ಕೂರುವ ಮೆಮೊರಿ) ಕೂರಿಸುವುದು ಹತ್ತು ನಿಮಿಷದ ಕೆಲಸ. ಯಾವುದು ಕೂರುತ್ತದೆ ಅಂತ ತಿಳಿದುಕೊಳ್ಳುವುದರಲ್ಲೇ ಎಡವಟ್ಟಾಗುವುದು. ಹಾಗಾಗಿ ಈ ಬರಹದಲ್ಲಿ ಸ್ಕ್ರೂಡ್ರೈವರ್ ತಡವಾಗಿ ಬರುತ್ತದೆ.

ಮೊದಲು ರೋಗ ರ‍್ಯಾಮಿನದೇ ಹೌದೋ ಅಂತ ನೋಡಿ. ದಿನಾ ಮಾಡುವ ಕೆಲಸವನ್ನೆಲ್ಲ ತೆರೆದಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಮೆಮೊರಿ. ಅಣ್ಣನದರಲ್ಲಿ ಇದ್ದದ್ದು 2 ಜಿಬಿ, ತುಂಬಿದ್ದು ಶೇಕಡಾ 94. ಎ4 ಅಳತೆಯ ಹಾಳೆಯೊಂದನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ, ಡಿಸ್ಕಿನಲ್ಲಿ ಕಡತ ಎಷ್ಟೇ ಚಿಕ್ಕದಿರಲಿ, ತೆರೆದಾಗ ಮೆಮೊರಿಯಲ್ಲಿ ಸುಮಾರು 100 ಎಂಬಿ ಹಿಡಿಯುತ್ತದೆ. ಕಲೆ ತೆಗೆಯುವಾಗ ಒಂದೆರಡು ಪದರ ಹಾಕಿಕೊಂಡರೆ ಅದರ ಎರಡು ಮೂರು ಪಟ್ಟು. ಜಾಗ ಸಾಲದೆ ಕಂಪ್ಯೂಟರು ಮಿಕ್ಕದ್ದನ್ನು ಹಾರ್ಡ್ ಡಿಸ್ಕಿಗೆ ಹೊತ್ತು ಹಾಕುತ್ತದೆ, ಬೇಕಾದಾಗ ವಾಪಸ್ ಹೊತ್ತು ತರುತ್ತದೆ. ಕೆಂಪು ದೀಪ ಹೇಳುತ್ತಿದ್ದದ್ದು ಇದನ್ನೇ.

ನಿಮ್ಮದರಲ್ಲಿ ಮೆಮೊರಿ ಅರ್ಧವೂ ತುಂಬಿಲ್ಲ, ಆದರೂ ಡಿಸ್ಕ್ ಶೇಕಡಾ 100 ಅಂತ ತೋರಿಸುತ್ತಿದೆಯೆಂದರೆ ರ‍್ಯಾಮ್ ಹಾಕಿ ಉಪಯೋಗವಿಲ್ಲ. ಆ ದುಡ್ಡಿಗೆ ಹಾರ್ಡ್ ಡಿಸ್ಕಿಗಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ.

ಇನ್ನೊಂದು ಮಾತು, ಕೊಳ್ಳುವ ಮೊದಲೇ. ವಿಂಡೋಸ್ 32 ಬಿಟ್‌ನದಾಗಿದ್ದರೆ ನೀವು 8 ಜಿಬಿ ಹಾಕಿದರೂ ಅದಕ್ಕೆ ಸಿಗುವುದು 3 ಜಿಬಿ ಚಿಲ್ಲರೆ ಮಾತ್ರ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಅಂತ ಹೋದರೆ ಎಷ್ಟು ಬಿಟ್ ಎಂದು ಬರೆದಿರುತ್ತದೆ. 32ರಿಂದ 64ಕ್ಕೆ ಇದ್ದಲ್ಲೇ ಏರಿಸಲು ಬರುವುದಿಲ್ಲ, ಕಡತಗಳನ್ನೆಲ್ಲ ಬೇರೆ ಕಡೆ ಇಟ್ಟುಕೊಂಡು ಹೊಸದಾಗಿಯೇ ಹಾಕಬೇಕು. ಅಣ್ಣನದು 32 ಬಿಟ್‌ನ ವಿಂಡೋಸ್ 10 ಆಗಿತ್ತು. ಅದಕ್ಕೆ ಕಂಪನಿಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು, ವಿಂಡೋಸ್ 11 ಅವನ ಕೋರ್ 2 ಡ್ಯುಯೋ ಪ್ರೊಸೆಸರನ್ನು ಒಪ್ಪುವುದಿಲ್ಲ. ಕೊನೆಗೆ 64 ಬಿಟ್‌ನ ಲಿನಕ್ಸ್ ಮಿಂಟ್ (ವಿಂಡೋಸಿನ ಬದಲು ಬಳಸಬಹುದಾದ ಉಚಿತ ವ್ಯವಸ್ಥೆ) ಹಾಕಿಕೊಟ್ಟೆ. ಸ್ಕ್ಯಾನರ್ ನಡೆಯುತ್ತೋ ಇಲ್ಲವೋ ಅಂತ ಹೆದರಿಕೆಯಿತ್ತು, ನಡೆಯಿತು.

ಈಗ ಯಾವ ರ‍್ಯಾಮ್ ಎಂಬ ಪ್ರಶ್ನೆ. ಡೆಸ್ಕ್‌ಟಾಪಿನ ರ‍್ಯಾಮ್ ಪಟ್ಟಿಗಳೆಲ್ಲ ಒಂದೇ ಉದ್ದ, ಸುಮಾರು 13.3 ಸೆಂಟಿಮೀಟರ್. ನೋಡಲು ಅಕ್ಕ ತಂಗಿಯರ ಹಾಗೆ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ರ‍್ಯಾಮಿನ ತಲೆಮಾರುಗಳಾದ ಡಿಡಿಆರ್2 ಮತ್ತು ಡಿಡಿಆರ್3 ಎರಡಕ್ಕೂ 240 ಪಿನ್ನುಗಳೇ. ಬುಡದಲ್ಲಿರುವ ಕಚ್ಚು ಮಾತ್ರ ಬೇರೆ ಬೇರೆ ಜಾಗದಲ್ಲಿದೆ. ಡಿಡಿಆರ್4ಕ್ಕೆ 288. ವೋಲ್ಟೇಜೂ ಬೇರೆ: ಡಿಡಿಆರ್2ಗೆ 1.8 ವೋಲ್ಟ್, ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2. ಕಚ್ಚನ್ನು ಸರಿಸಿ ಇಟ್ಟಿರುವುದೇ ತಪ್ಪು ಪಟ್ಟಿ ಒಳಗೆ ಹೋಗದಿರಲಿ ಅಂತ. ಹೋಗದಿದ್ದರೆ ಬಲ ಹಾಕಬೇಡಿ, ಅದು ನಿಮ್ಮದಲ್ಲ. ಪುಸ್ತಕದಷ್ಟೇ ಗಾತ್ರದ ಪುಟಾಣಿ ಡೆಸ್ಕ್‌ಟಾಪ್‌ಗಳಲ್ಲಿ ಮತ್ತು ಮಾನಿಟರಿನೊಳಗೇ ಎಲ್ಲವೂ ಇರುವಂಥವುಗಳಲ್ಲಿ ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಗಿಡ್ಡ ಪಟ್ಟಿ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶವಿದೆ. ಮೇನ್‌ಬೋರ್ಡ್ ಪುಟದಲ್ಲಿ ಮದರ್‌ಬೋರ್ಡಿನ ಹೆಸರು ಮತ್ತು ಚಿಪ್‌ಸೆಟ್ (ಪ್ರೊಸೆಸರಿಗೂ ಉಳಿದ ಭಾಗಗಳಿಗೂ ನಡುವೆ ಮಾತು ನಡೆಸುವ ಚಿಪ್), ಎಸ್‌ಪಿಡಿ ಪುಟದಲ್ಲಿ ಯಾವ ಸ್ಲಾಟಿನಲ್ಲಿ (ಪಟ್ಟಿ ಕೂರುವ ಕಿಂಡಿ) ಯಾವ ಪಟ್ಟಿ ಇದೆಯೆಂದು ತೋರಿಸುತ್ತದೆ. ಎರಡನ್ನೂ ಬರೆದಿಟ್ಟುಕೊಂಡೆ: ಚಿಪ್‌ಸೆಟ್ ಜಿ41, ಸ್ಲಾಟ್ ಎರಡು, ಎರಡರಲ್ಲೂ 1 ಜಿಬಿಯ ಡಿಡಿಆರ್3. ಜಿ41ಗೆ ಗರಿಷ್ಠ 8 ಜಿಬಿ. ಹಾಗಾದರೆ 4 ಜಿಬಿಯ ಎರಡು ತಂದರಾಯಿತು ಅಂದುಕೊಂಡು ತಂದೆ. ಹಾಕಿದೆ. ಪರದೆ ಕಪ್ಪು, ಒಳಗಿಂದ ಉದ್ದುದ್ದ ಬೀಪ್.

ಎರಡು ಸಂಜೆ ಅದರ ಮುಂದೆ ಕೂತೆ. ತೆಗೆದು ಹಾಕಿ, ಒರೆಸಿ, ಜಾಗ ಬದಲಿಸಿ, ಏನು ಮಾಡಿದರೂ ಅದೇ ಬೀಪ್. ಹಳೆಯ 1 ಜಿಬಿ ಪಟ್ಟಿಗಳನ್ನು ಹಾಕಿದರೆ ಏನೂ ಆಗಿಲ್ಲವೆಂಬಂತೆ ಏಳುತ್ತದೆ. ಹೊಸ ಪಟ್ಟಿಗಳು ಕೆಟ್ಟಿವೆಯೆಂದು ನನ್ನ ಸ್ವಂತ ಕಂಪ್ಯೂಟರಿಗೆ ಹಾಕಿ ನೋಡಿದರೆ ಅಲ್ಲಿ ಚೆನ್ನಾಗಿಯೇ ನಡೆದವು.

ಲೆಕ್ಕ ಹೀಗಿದೆ. ಒಂದು ಬೈಟ್‌ಗೆ 8 ಬಿಟ್, ಹಾಗಾಗಿ 4 ಜಿಬಿ ಅಂದರೆ 32 ಗಿಗಾಬಿಟ್. ಅದನ್ನು 2 ಗಿಗಾಬಿಟ್‌ನ 16 ಚಿಪ್‌ಗಳಲ್ಲಿ ಹಂಚಬಹುದು, 4 ಗಿಗಾಬಿಟ್‌ನ 8 ಚಿಪ್‌ಗಳಲ್ಲೂ ಹಂಚಬಹುದು. ಹೊರಗಿನ ಚೀಟಿಯ ಮೇಲೆ ಎರಡಕ್ಕೂ 4 ಜಿಬಿ ಅಂತಲೇ ಇರುತ್ತದೆ. ಜಿ41ರ ಕಾಲದ ಚಿಪ್‌ಸೆಟ್‌ಗೆ ಗೊತ್ತಿರುವುದು 2 ಗಿಗಾಬಿಟ್‌ನ ಚಿಪ್‌ವರೆಗೆ ಮಾತ್ರ. ಅದಕ್ಕಿಂತ ದೊಡ್ಡ ಚಿಪ್ ಬಂದಾಗ ಅದರ ವಿಳಾಸಗಳನ್ನು ಓದಲು ಅದಕ್ಕೆ ಬರುವುದಿಲ್ಲ. ನನ್ನದು ಎಚ್61 ಚಿಪ್‌ಸೆಟ್, ಎರಡು ತಲೆಮಾರು ಈಚಿನದು, ಅದಕ್ಕೆ ಎರಡೂ ಒಂದೇ. ನಾನು ತಂದ ಪಟ್ಟಿಯ ಬೆನ್ನು ಬೋಳಾಗಿತ್ತು. ಒಂದೇ ಬದಿ, ಎಂಟೇ ಚಿಪ್. ಅಣ್ಣನಿಗೆ ಬೇಕಿದ್ದದ್ದು ಎರಡೂ ಬದಿಗೆ ಎಂಟೆಂಟು ಇರುವಂಥದ್ದು.

ಮೇಲೆ ಲೋಹದ ಹೊದಿಕೆ ಇದ್ದು ಎಣಿಸಲು ಆಗದಿದ್ದರೆ ಚೀಟಿ ಓದಿ. 4 ಜಿಬಿ ಪಟ್ಟಿಯ ಮೇಲೆ 2ಆರ್‌ಎಕ್ಸ್8 ಅಂತ ಇದ್ದರೆ ಹದಿನಾರು ಚಿಪ್, 1ಆರ್‌ಎಕ್ಸ್8 ಅಂದರೆ ಎಂಟು. ಅದೇ ಚೀಟಿಯಲ್ಲಿ ಪಿಸಿ3-12800 ಎಂದಿದ್ದರೆ 1600ರ ವೇಗ, ಪಿಸಿ3-10600 ಅಂದರೆ 1333. ಮೊದಲಿನದನ್ನು 8ರಿಂದ ಭಾಗಿಸಿ ನೋಡಿ, ಸರಿಹೋಗುತ್ತದೆ. ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬೇರೆ ಬೇರೆ ವೇಗದವು ಜೊತೆಗಿದ್ದರೆ ಎಲ್ಲವೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ, ಅಷ್ಟೇ.

ತಲೆ ಕೆಡಿಸಿಕೊಳ್ಳಬೇಕಾದ್ದು ಬೇರೆ ಎರಡಿವೆ. ಕಡಿಮೆ ಬೆಲೆಗೆ ಸಿಗುವ ದೊಡ್ಡ ಪಟ್ಟಿಗಳಲ್ಲಿ ಕೆಲವು ಸರ್ವರ್‌ಗೆಂದು ಮಾಡಿದ ರಿಜಿಸ್ಟರ್ಡ್ ಜಾತಿಯವು, ಮನೆಯ ಡೆಸ್ಕ್‌ಟಾಪಿನಲ್ಲಿ ಅವು ಏಳುವುದಿಲ್ಲ. ಇನ್ನು ಕೆಲವು ಎಎಂಡಿ ಪ್ರೊಸೆಸರ್ ಇರುವ ಬೋರ್ಡ್‌ಗಳಲ್ಲಿ ಮಾತ್ರ ನಡೆಯುವಂಥವು. ವಿವರಣೆಯ ಕೊನೆಯಲ್ಲೆಲ್ಲೋ ಅದನ್ನು ಬರೆದಿರುತ್ತಾರೆ. ನಾನು ಅಣ್ಣನಿಗೆ ಕೊನೆಗೆ ತಂದದ್ದು ಬಳಸಿದ ಪಟ್ಟಿಗಳನ್ನೇ. ಹದಿನಾರು ಚಿಪ್‌ನವು ಹೊಸದಾಗಿ ಸಿಗುವುದು ಕಷ್ಟ. ಎರಡೂ ಬದಿಯ ಫೋಟೋ ತರಿಸಿ, ದೊಡ್ಡದು ಮಾಡಿ, ಎಣಿಸಿದ ಮೇಲೆಯೇ ದುಡ್ಡು ಕೊಟ್ಟೆ. ಮೊದಲು ತಂದ ಎರಡು ನನ್ನ ಕಂಪ್ಯೂಟರಿನಲ್ಲೇ ಉಳಿದವು. "ಕೊನೆಗೂ ನಿನ್ನದೇ ರಿಪೇರಿ ಆಯ್ತು" ಅಂತ ಅಣ್ಣ ಈಗಲೂ ಆಡಿಕೊಳ್ಳುತ್ತಾನೆ.

ಇನ್ನು ಸ್ಕ್ರೂಡ್ರೈವರ್.

ಕಂಪ್ಯೂಟರ್ ಆಫ್ ಮಾಡಿದರೆ ಸಾಲದು, ಹಿಂದಿನ ತಂತಿಯನ್ನೇ ಕೀಳಿ. ಆಫ್ ಆಗಿದ್ದರೂ ಪ್ಲಗ್ ಇರುವತನಕ ಬೋರ್ಡಿಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ತಂತಿ ಕಿತ್ತ ಮೇಲೆ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ, ಒಳಗೆ ಉಳಿದದ್ದೂ ಖಾಲಿಯಾಗಲಿ. ಪೆಟ್ಟಿಗೆಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ. ನಿಂತ ಪೆಟ್ಟಿಗೆಯೊಳಗೆ ಕೈ ಹಾಕಿ ಒತ್ತುವುದು ಹಿಂಸೆ. ಪಕ್ಕದ ಮುಚ್ಚಳ ತೆಗೆದ ಕೂಡಲೇ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಪಟ್ಟಿಯನ್ನು ಮುಟ್ಟುವ ಮೊದಲು ಪ್ರತಿ ಸಲವೂ ಪೆಟ್ಟಿಗೆಯ ಬಣ್ಣ ಬಳಿಯದ ಲೋಹದ ಭಾಗವನ್ನು ಮುಟ್ಟಿ. ನಮ್ಮ ಮೈಯಲ್ಲಿ ಸೇರಿಕೊಂಡ ಸ್ಥಿರ ವಿದ್ಯುತ್ತು ಚಿಪ್‌ಗೆ ಹರಿಯುವ ಬದಲು ಅಲ್ಲಿ ಇಳಿದುಹೋಗುತ್ತದೆ.

ಅಣ್ಣನ ಪೆಟ್ಟಿಗೆಯೊಳಗೆ ದೂಳು ಹತ್ತಿಯ ಹಾಸಿಗೆಯಂತೆ ಕೂತಿತ್ತು. ಒಣ ಬ್ರಷ್ಷಿನಿಂದ ತೆಗೆದೆ. ಗಾಳಿ ಊದುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಸುಮ್ಮನೆ ಗಿರಗಿರ ತಿರುಗಿಸಬೇಡಿ.

ಸ್ಲಾಟಿನ ಎರಡು ತುದಿಗೂ ಕಿವಿಯಂಥ ಕೊಕ್ಕೆಗಳಿರುತ್ತವೆ. ಹೊರಕ್ಕೆ ಒತ್ತಿದರೆ ಹಳೇ ಪಟ್ಟಿ ತಾನೇ ಮೇಲೇಳುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಒಂದೇ ತುದಿಗೆ ಕೊಕ್ಕೆ. ಹೊಸ ಪಟ್ಟಿಯನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ, ಬಂಗಾರದ ಬಣ್ಣದ ಹಲ್ಲುಗಳಿಗೆ ಬೆರಳು ತಾಗಿಸಬೇಡಿ. ಬಳಸಿದ ಪಟ್ಟಿಯ ಹಲ್ಲು ಮಂಕಾಗಿದ್ದರೆ ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಪೂರ್ತಿ ಕೊಡವಿ. ಪುಡಿ ಸ್ಲಾಟಿನೊಳಗೆ ಬಿದ್ದರೆ ಹೊಸ ತಲೆನೋವು.

ಕಚ್ಚು ಕಚ್ಚಿಗೆ ಹೊಂದಿಸಿ, ನೇರವಾಗಿ ಇಳಿಸಿ, ಎರಡೂ ಹೆಬ್ಬೆರಳಿಂದ ಎರಡು ತುದಿಯನ್ನೂ ಒತ್ತಿ. ಇಲ್ಲಿಯೇ ಎಲ್ಲರೂ ಹಿಂಜರಿಯುವುದು. ಬೋರ್ಡ್ ಸ್ವಲ್ಪ ಬಾಗಿದಂತೆ ಕಾಣುತ್ತದೆ, ಮುರಿಯಿತೇನೋ ಅಂತ ಕೈ ಹಿಂದೆ ಬರುತ್ತದೆ. ಬರಬಾರದು. ಕೊಕ್ಕೆಗಳು ತಾವಾಗಿಯೇ ಏರಿ ಟಕ್ ಅಂತ ಕೂರುವತನಕ ಒತ್ತಬೇಕು. ಒಂದು ತುದಿ ಕೂತು ಇನ್ನೊಂದು ಒಂದು ಮಿಲಿಮೀಟರ್ ಮೇಲಿದ್ದರೂ ಕಪ್ಪು ಪರದೆಯೇ ಗತಿ. ನಾಲ್ಕು ಸ್ಲಾಟ್ ಇದ್ದು ಎರಡೇ ಪಟ್ಟಿ ಇದ್ದರೆ ಯಾವೆರಡರಲ್ಲಿ ಹಾಕಬೇಕೆಂದು ಬೋರ್ಡಿನ ಕೈಪಿಡಿಯಲ್ಲಿ ಚಿತ್ರ ಇರುತ್ತದೆ. ಜೋಡಿ ಪಟ್ಟಿಗಳು ಪ್ರೊಸೆಸರಿನತ್ತ ಹೋಗುವ ಬೇರೆ ಬೇರೆ ದಾರಿಯಲ್ಲಿ, ಅಂದರೆ ಬೇರೆ ಬೇರೆ ಚಾನೆಲ್‌ನಲ್ಲಿ ಕೂತರೆ ಎರಡನ್ನೂ ಒಟ್ಟಿಗೆ ಓದಲು ಬರುತ್ತದೆ.

ಮುಚ್ಚಳ ಹಾಕುವ ಮೊದಲೇ ತಂತಿ ಚುಚ್ಚಿ ಆನ್ ಮಾಡಿ ನೋಡಿ. ಮೊದಲ ಸಲ ಪರದೆ ಬರುವುದು ತಡವಾಗಬಹುದು, ಒಮ್ಮೆ ತಾನೇ ಆಫ್ ಆಗಿ ಮತ್ತೆ ಆನ್ ಕೂಡ ಆಗಬಹುದು. ಒಂದೆರಡು ನಿಮಿಷ ಕಾಯಿರಿ. ಬೀಪ್ ಬಂದರೆ ತಂತಿ ಕಿತ್ತು, ಒಂದೇ ಪಟ್ಟಿ ಇಟ್ಟು ನೋಡಿ, ಆಮೇಲೆ ಇನ್ನೊಂದನ್ನು, ಆಮೇಲೆ ಸ್ಲಾಟ್ ಬದಲಿಸಿ. ಏಳುವ ಜೋಡಿ, ಏಳದ ಜೋಡಿ ಅಂತ ಕಾಗದದಲ್ಲಿ ಗುರುತು ಹಾಕಿಕೊಂಡರೆ ಕೆಟ್ಟದ್ದು ಪಟ್ಟಿಯೋ ಸ್ಲಾಟೋ ಅಂತ ಹೊರಬೀಳುತ್ತದೆ.

ಎದ್ದ ಮಾತ್ರಕ್ಕೆ ನಂಬಬೇಡಿ, ಬಳಸಿದ ಪಟ್ಟಿಯಾದರಂತೂ ಖಂಡಿತ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಪೆನ್ ಡ್ರೈವಿಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಏಳಿಸಿ, ರಾತ್ರಿ ಮಲಗುವಾಗ ಬಿಟ್ಟುಬಿಡಿ. ಬೆಳಿಗ್ಗೆ ಎರರ್ ಸೊನ್ನೆ ಇರಬೇಕು. ಒಂದೇ ಒಂದು ಇದ್ದರೂ ಆ ಪಟ್ಟಿಯನ್ನು ಹಿಂದಿರುಗಿಸಿ. ಹಾಳು ಮೆಮೊರಿಯಲ್ಲಿ ಕೂತ ಫೋಟೋ ಡಿಸ್ಕಿಗೆ ಸೇವ್ ಆಗುವಾಗ ಹಾಳಾಗಿಯೇ ಸೇವ್ ಆಗುತ್ತದೆ, ಅದು ಗೊತ್ತಾಗುವುದು ಎಷ್ಟೋ ತಿಂಗಳ ಮೇಲೆ.

ಅಣ್ಣನದು ರಾತ್ರಿಯಿಡೀ ಓಡಿ ಸೊನ್ನೆ ತೋರಿಸಿತು. ಈಗ 8 ಜಿಬಿಯಲ್ಲಿ ಏಳೆಂಟು ಫೋಟೋ ಒಟ್ಟಿಗೆ ತೆರೆದಿಟ್ಟುಕೊಂಡು ಕೂರುತ್ತಾನೆ. ಇನ್ನೊಂದು ಮಾತು ಹೇಳಿಬಿಡುತ್ತೇನೆ: ತೋರಿಸುವ ಮೊತ್ತ 8ಕ್ಕಿಂತ ತುಸು ಕಡಿಮೆ ಇರುತ್ತದೆ, ಬೋರ್ಡಿನೊಳಗಿನ ಗ್ರಾಫಿಕ್ಸ್ ತನ್ನ ಪಾಲು ತೆಗೆದುಕೊಂಡಿರುತ್ತದೆ. ಹಳೆಯ ಎರಡು 1 ಜಿಬಿ ಪಟ್ಟಿಗಳನ್ನು ಹೊಸವು ಬಂದ ಕವರಿನಲ್ಲೇ ಹಾಕಿ, ಪೆಟ್ಟಿಗೆಯ ಮೇಲೆ ಟೇಪಿನಿಂದ ಅಂಟಿಸಿಟ್ಟಿದ್ದೇನೆ. ಮುಂದೆ ಎಂದಾದರೂ ಬೀಪ್ ಕೇಳಿಸಿದರೆ ತಕ್ಷಣ ಹಾಕಿ ನೋಡಲು ಕೈಗೆ ಸಿಗಬೇಕು.